ಹರಿಹರದ ಹೊಳೆದಂಡೆಯಲ್ಲಿ ಬಿದಿರು ಆರಿಸುವ ಅಜ್ಜ

ದಾವಣಗೆರೆಯಿಂದ ಹರಿಹರಕ್ಕೆ ಹೋದದ್ದು ಹರಿಹರೇಶ್ವರನ ಗುಡಿ ನೋಡೋಕೆ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಕಂಬಗಳು ಚೆನ್ನಾಗಿವೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ತುಂಗಭದ್ರೆಯ ದಂಡೆ. ಅಲ್ಲೊಬ್ಬ ಅಜ್ಜ ಹರಿಗೋಲು ಹೆಣೆಯುತ್ತಿದ್ದರು.

ಒಂದೊಂದು ಬಿದಿರ ಗಳ ಎತ್ತುವುದು, ಮಚ್ಚಿನ ಬೆನ್ನಿನಿಂದ ಬಡಿಯುವುದು, ಕಿವಿಗೊಟ್ಟು ಕೇಳುವುದು. ನೋಡೋಕೆ ಚೆಂದವಾಗಿದ್ದ ಒಂದು ಗಳವನ್ನು ಪಕ್ಕಕ್ಕೆ ಎಸೆದರು.

"ಯಾಕಜ್ಜಾ?" ಅಂದೆ.

"ಬೆಳದಿಂಗಳ ಪಕ್ಷದಾಗ ಕಡಿದದ್ದು ತಮ್ಮಾ. ಇಲ್ಲಿ ನೋಡು."

ಗೆಣ್ಣಿನ ಹತ್ತಿರ ಸಾಸಿವೆಗಿಂತ ಚಿಕ್ಕ ತೂತು. ತಟ್ಟಿದರೆ ಹಳದಿ ಪುಡಿ ಉದುರಿತು. ಕುಟ್ಟೆ ಹುಳದ ಕೆಲಸ.

ಕತ್ತಲ ಪಕ್ಷದಲ್ಲೇ ಕಡಿಯಬೇಕು, ಹೂ ಬಿಟ್ಟ ಮೆಳೆ ಮುಟ್ಟಬಾರದು, ಸಿಡಿಲು ಬಡಿದದ್ದಂತೂ ಬೇಡವೇ ಬೇಡ. ಇದು ಅವರ ಲೆಕ್ಕ. ಹೂವಿನ ಮಾತು ಸರಿಯೇ, ಹೂ ಬಿಟ್ಟ ಬಿದಿರು ಆಮೇಲೆ ಒಣಗಿ ಸಾಯುತ್ತದೆ. ಹುಳ ಬರುವುದು ಬಿದಿರೊಳಗಿನ ಪಿಷ್ಟಕ್ಕೆ. ಅದಕ್ಕೇ ಕಡಿದ ಗಳವನ್ನು ವಾರಗಟ್ಟಲೆ ಹೊಳೆಯಲ್ಲಿ ಮುಳುಗಿಸಿಡುತ್ತಾರೆ, ಪಿಷ್ಟ ನೀರಿಗೆ ಬಿಡುತ್ತದೆ. ನನಗೆ ಚಂದ್ರನಿಗಿಂತ ಈ ನೆನೆಹಾಕುವುದರ ಮೇಲೆ ಜಾಸ್ತಿ ನಂಬಿಕೆ. ಹಾಗಂತ ಹೇಳಿಯೂಬಿಟ್ಟೆ.

"ಎರಡೂ ಮಾಡಿದ್ರ ನಿನ್ನ ಗಂಟೇನು ಹೋಗ್ತದ?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಹಿಂದಿನ ಕಾಲದಲ್ಲಿ ಹರಿಗೋಲಿನ ಹೊರಮೈಗೆ ತೊಗಲು ಹೊದಿಸುತ್ತಿದ್ದರಂತೆ, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇದೇ ಹೊಳೆಯಲ್ಲಿ ತೊಗಲು ಹೊದಿಸಿದ ದುಂಡು ದೋಣಿಗಳನ್ನು ಕಂಡಿದ್ದ. ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ ಅಂತ ಬರೆದಿದ್ದಾನೆ.

ಕಡಲಿನವರು ಯಾವ ಮರ ಬಳಸ್ತಾರೆ ಅಂತ ಅಜ್ಜ ಕೇಳಿದರು. ತೇಗ, ಹೆಬ್ಬಲಸು ಅಂದೆ. ಉಪ್ಪುನೀರಲ್ಲಿ ಮರ ಕೊರೆಯುವ ಹುಳವೇ ಬೇರೆ, ತೇಗದೊಳಗಿನ ಎಣ್ಣೆ ಅದನ್ನು ತಡೆಯುತ್ತೆ ಅಂತಲೂ ಹೇಳಿದೆ. ಪಶ್ಚಿಮದ ನಾವಿಕರು ವಾಲ್ನಟ್ ಮರ ಸಿಡಿಲನ್ನು ಕರೆಯುತ್ತೆ ಅಂತ ಹೆದರುತ್ತಿದ್ದರು. ಅಡಿಮರಕ್ಕೆ ಕದ್ದ ಮರದ ತುಂಡು ಸೇರಿಸಿದರೆ ಹಡಗು ಜೋರಾಗಿ ಓಡುತ್ತೆ ಅನ್ನುವ ನಂಬಿಕೆಯೂ ಇತ್ತು.

ಅಜ್ಜ ಮಚ್ಚು ಕೆಳಗಿಟ್ಟರು. "ಕದ್ದದ್ದಾ? ಗಂಗವ್ವ ಒಪ್ತಾಳೇನು? ನಾಲ್ಕು ಮಂದಿ ಜೀವ ಕೂರೋದು ಅದ್ರಾಗ!"

ಅವರನ್ನು ಸಮಾಧಾನ ಮಾಡೋಕೆ ಇನ್ನೊಂದು ಹೇಳಿದೆ. 1962ರಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ರೋಮನ್ನರ ಕಾಲದ ಹಡಗೊಂದು ಸಿಕ್ಕಿತು. ಅದರ ಹಾಯಿಕಂಬದ ಬುಡದ ಗುಳಿಯಲ್ಲಿ ಒಂದು ನಾಣ್ಯ ಇಟ್ಟಿದ್ದರು, ಅದೃಷ್ಟದೇವತೆಯ ಚಿತ್ರ ಇರುವ ನಾಣ್ಯ.

"ಹಂಗ ಹೇಳು ಮತ್ತ," ಅಂತ ಮುಖ ಅರಳಿತು. "ನಾವೂ ಮೊದಲ ದಿನ ಕಾಯಿ ಒಡೆದು, ಎಲೆ ಅಡಿಕೆ ಮ್ಯಾಲೆ ರೂಪಾಯಿ ಇಟ್ಟು ನೀರಿಗೆ ಬಿಡ್ತೀವಿ."

ಹೋಗುವವರಿಗೆ ಒಂದು ಮಾತು. ಆಟೋದವರಿಗೆ ವಾಪಸ್ ಬರುವ ಬಾಡಿಗೆಯನ್ನು ಮೊದಲೇ ಕೊಡಬೇಡಿ. ನಮ್ಮವನು ದುಡ್ಡು ಇಸಕೊಂಡು ಹೋದವನು ತಿರುಗಿ ಬರಲೇ ಇಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಬಸ್ ನಿಲ್ದಾಣದವರೆಗೆ ನಡೆದೆ, ಆ ಸಿಟ್ಟು ಇನ್ನೂ ಇಳಿದಿಲ್ಲ. ಬೆಳಗ್ಗೆ ಬೇಗ ಹೋಗಿ. ಮೀನು ಹಿಡಿಯುವವರ ಹರಿಗೋಲುಗಳು ಆಗಲೇ ದಡಕ್ಕೆ ಬರುವುದು.