ಬಿಸಿನೀರಿನ ದೂರು ಮತ್ತು ನಾನು ಬರೆದ ಉತ್ತರ

ಮಡಿಕೇರಿಯ ಹದಿನೆಂಟು ಕೋಣೆಗಳ ವಸತಿಗೃಹವೊಂದರಲ್ಲಿ ನಾನು 2011ರಿಂದ ವ್ಯವಸ್ಥಾಪಕನಾಗಿದ್ದೇನೆ. ಸೇರಿದ ಹೊಸತರಲ್ಲಿ ನಮ್ಮ ಹೆಸರು ಹರಡುತ್ತಿದ್ದುದು ಮೈಸೂರಿನ ಟ್ಯಾಕ್ಸಿ ಚಾಲಕರ ಬಾಯಿಂದ, ಬೆಂಗಳೂರಿನ ಒಂದೆರಡು ಟ್ರಾವೆಲ್ ಏಜೆನ್ಸಿಗಳಿಂದ ಮತ್ತು ಒಮ್ಮೆ ಬಂದು ಹೋದವರು ನೆಂಟರಿಷ್ಟರಿಗೆ ಹೇಳುತ್ತಿದ್ದ ನಾಲ್ಕು ಮಾತಿನಿಂದ. ಕೌಂಟರಿನ ಮೇಲೆ ದಪ್ಪ ರಟ್ಟಿನ ಅಭಿಪ್ರಾಯ ಪುಸ್ತಕವೊಂದಿರುತ್ತಿತ್ತು. ಅದರಲ್ಲಿ ಯಾರಾದರೂ ಕಟುವಾಗಿ ಬರೆದರೆ ಆ ಹಾಳೆಯನ್ನು ಹರಿದುಬಿಡುವ ರೂಢಿ ನನಗಿಂತ ಮೊದಲೇ ಇತ್ತು, ನಾನೂ ಅದನ್ನು ಮುಂದುವರಿಸಿದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಅತಿಥಿಗಳು ಬರೆಯತೊಡಗಿದ ಮೇಲೆ ಹರಿದು ಹಾಕಬಹುದಾದ ಹಾಳೆಯೇ ಇಲ್ಲದಾಯಿತು. ಅಲ್ಲಿನ ರಿವ್ಯೂವನ್ನು ವ್ಯವಹಾರ ನಡೆಸುವವರು ಅಳಿಸಲಾಗದು; ನಿಯಮ ಮೀರಿದೆ ಎಂದು ವರದಿ ಮಾಡಬಹುದು, ಇಲ್ಲವೇ ಅದರ ಕೆಳಗೆ ಉತ್ತರ ಬರೆಯಬಹುದು, ಅಷ್ಟೆ. ಆ ಉತ್ತರವನ್ನು ಹೇಗೆ ಬರೆಯಬಾರದೆಂಬುದು 2022ರ ಜುಲೈಯಲ್ಲಿ ನನಗೆ ತಿಳಿಯಿತು.

ಆ ವಾರ ಮಳೆ ಬಿಡುವೇ ಕೊಟ್ಟಿರಲಿಲ್ಲ. ನಮ್ಮಲ್ಲಿ ನೀರು ಕಾಯುವುದು ಸೋಲಾರಿನಿಂದ. ಮೋಡ ಕವಿದ ದಿನಗಳಿಗೆಂದು ಹಿತ್ತಲಲ್ಲಿ ಸೌದೆಯ ಬಾಯ್ಲರ್ ಇದೆ, ಅದಕ್ಕೆ ಆಗೆಲ್ಲ ಬೆಂಕಿ ಹಾಕುತ್ತಿದ್ದುದು ಬೆಳಿಗ್ಗೆ ಆರೂವರೆಗೆ. ವಯಸ್ಸಾದ ತಾಯಿ, ಮಗ, ಸೊಸೆ ಇದ್ದ ಒಂದು ಕುಟುಂಬ ತಲಕಾವೇರಿಗೆ ಹೊರಡಲೆಂದು ಐದು ಗಂಟೆಗೇ ಎದ್ದಿದ್ದರು. ಅವರು ಊರಿಗೆ ಮರಳಿದ ಮರುದಿನ ಮಗ ಎರಡು ನಕ್ಷತ್ರ ಕೊಟ್ಟು, ಬಿಸಿನೀರು ಬರಲಿಲ್ಲ, ಕೇಳಲು ಹೋದರೆ ಕೌಂಟರಿನಲ್ಲಿ ಯಾರೂ ಇರಲಿಲ್ಲ ಎಂದು ನಾಲ್ಕು ಸಾಲು ಬರೆದರು.

ನಾನು ಅದನ್ನು ಓದಿದ್ದು ರಾತ್ರಿ ಹನ್ನೊಂದೂವರೆಗೆ, ಇಡೀ ದಿನ ಕರೆಂಟಿಲ್ಲದೆ ಜನರೇಟರಿನ ಹಿಂದೆ ಓಡಾಡಿ ದಣಿದು ಕುಳಿತಾಗ. ಕೂಡಲೇ ಮೊಬೈಲಿನಲ್ಲೇ ಉತ್ತರ ಟೈಪ್ ಮಾಡಿದೆ. ಅವರು ಉಳಿದಿದ್ದ ಕೋಣೆಯ ಸಂಖ್ಯೆ, ರಾತ್ರಿ ತಡವಾಗಿ ಬಂದದ್ದು, ಬಾಡಿಗೆಯಲ್ಲಿ ಚೌಕಾಸಿ ಮಾಡಿದ್ದು, ಇಬ್ಬರ ದರದಲ್ಲಿ ಮೂವರು ಉಳಿದದ್ದು, ಎಲ್ಲವನ್ನೂ ಬರೆದು, ಮಳೆಗಾಲದಲ್ಲಿ ಸೋಲಾರ್ ಕೆಲಸ ಮಾಡದೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ ಎಂದು ಮುಗಿಸಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸತ್ಯವನ್ನೇ ಹೇಳಿದ್ದೇನೆ, ಓದಿದವರು ನನ್ನ ಪರ ನಿಲ್ಲುತ್ತಾರೆ ಎಂಬ ನಂಬಿಕೆಯಿಂದ ಮಲಗಿದೆ.

ಮೂರು ದಿನ ಕಳೆದು ದಾವಣಗೆರೆಯಿಂದ ಒಬ್ಬರು ಕರೆ ಮಾಡಿ ಬಾಡಿಗೆ ವಿಚಾರಿಸಿದರು. ಮಾತು ಮುಗಿಯುವ ಹೊತ್ತಿಗೆ, "ನಾವು ಬಂದು ಹೋದ ಮೇಲೆ ನಮ್ಮ ಲೆಕ್ಕವನ್ನೂ ಹೀಗೇ ಊರಿಗೆಲ್ಲ ಹೇಳುತ್ತೀರಾ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಅಳುಕಿತ್ತು. ನನಗೆ ಉತ್ತರ ಹೊಳೆಯಲಿಲ್ಲ. ಆ ಸಂಜೆಯೇ ನನ್ನ ಉತ್ತರವನ್ನು ಅಳಿಸಿದೆ. ಆದರೆ ಮದುವೆಯ ಬಳಗಕ್ಕೆಂದು ಎಂಟು ಕೋಣೆ ಕೇಳಿದ್ದ ಮತ್ತೊಬ್ಬರು ಮರುವಾರ ವಾಟ್ಸ್‌ಆ್ಯಪ್‌ನಲ್ಲಿ ಅದೇ ಉತ್ತರದ ಸ್ಕ್ರೀನ್‌ಶಾಟ್ ಕಳಿಸಿ, ಮನೆಯವರು ಬೇಡ ಎನ್ನುತ್ತಿದ್ದಾರೆ ಎಂದರು. ಅದು ಅವರ ಕುಟುಂಬದ ಗ್ರೂಪಿಗೆ ಹೇಗೆ ತಲುಪಿತೋ ನಾನು ಕೇಳಲಿಲ್ಲ. ನಾನು ಉತ್ತರ ಬರೆದದ್ದು ದೂರಿದ ಒಬ್ಬರಿಗೆ. ಓದಿದವರು ಮುಂದೆ ಬರಬೇಕಾಗಿದ್ದವರು. ಅವರು ನೋಡಿದ್ದು ಅತಿಥಿಯ ತಪ್ಪನ್ನಲ್ಲ, ಅತಿಥಿಯ ಲೆಕ್ಕವನ್ನು ಬೀದಿಯಲ್ಲಿ ಬಿಚ್ಚಿಟ್ಟ ವ್ಯವಸ್ಥಾಪಕನನ್ನು.

ರಿವ್ಯೂ ಬರೆದ ಆ ಮಗನಿಗೆ ರಿಜಿಸ್ಟರಿನಲ್ಲಿದ್ದ ನಂಬರಿನಿಂದ ಕರೆ ಮಾಡಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. "ಕಾವೇರಮ್ಮನ ದರ್ಶನಕ್ಕೆ ಸ್ನಾನ ಮಾಡದೆ ಹೋಗುವುದಿಲ್ಲ ಅಂತ ಅಮ್ಮ ತಣ್ಣೀರಿನಲ್ಲೇ ಮಿಂದರು, ಊರಿಗೆ ಬಂದ ಮೇಲೆ ನಾಲ್ಕು ದಿನ ಜ್ವರ" ಎಂದರು. ರಿವ್ಯೂದಲ್ಲಿ ಅವರು ಅದನ್ನು ಬರೆದಿರಲಿಲ್ಲ. ನಾನು ಒಮ್ಮೆ ಫೋನು ಮಾಡಿ ಕೇಳಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಜುಲೈಯ ಮಡಿಕೇರಿಯಲ್ಲಿ ನಸುಕಿನ ತಣ್ಣೀರು ಹೇಗಿರುತ್ತದೆಂದು ಬಲ್ಲ ನನಗೆ ಆ ಮಾತು ಇಂದಿಗೂ ಚುಚ್ಚುತ್ತದೆ.

ಅಂದಿನಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಯ್ಲರಿಗೆ ನಾಲ್ಕೂವರೆಗೆ ಬೆಂಕಿ ಬೀಳುತ್ತದೆ, ರಾತ್ರಿ ಪಾಳಿಯ ಹುಡುಗ ಕೌಂಟರ್ ಬಿಟ್ಟರೆ ತನ್ನ ಮೊಬೈಲ್ ನಂಬರಿನ ಚೀಟಿಯನ್ನು ಅಲ್ಲಿಟ್ಟು ಹೋಗುತ್ತಾನೆ. ಅದೇ ರಿವ್ಯೂವಿನ ಕೆಳಗೆ ಹೊಸದಾಗಿ ಮೂರು ಸಾಲು ಬರೆದೆ: ತಪ್ಪು ನಮ್ಮದು, ಈಗ ಬಿಸಿನೀರು ಐದು ಗಂಟೆಗೆ ಸಿಗುತ್ತದೆ, ಇನ್ನೂ ಬೇಗ ಬೇಕಿದ್ದರೆ ಹಿಂದಿನ ರಾತ್ರಿ ತಿಳಿಸಿ. ಸಿಟ್ಟು ಬಂದ ರಾತ್ರಿ ಏನನ್ನೂ ಪ್ರಕಟಿಸುವುದಿಲ್ಲ. ಬರೆದದ್ದನ್ನು ಬೆಳಿಗ್ಗೆ ಅಡುಗೆಯವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಕಾಗದದ ಮೇಲೆ ಸಭ್ಯವಾಗಿ ಕಂಡ ವಾಕ್ಯ ಬಾಯಲ್ಲಿ ಎಷ್ಟು ಒರಟಾಗಿ ಕೇಳುತ್ತದೆಂಬುದು ಹಾಗೆ ಗೊತ್ತಾಗುತ್ತದೆ. ಕನ್ನಡದಲ್ಲಿ ಬರೆದವರಿಗೂ ಇಂಗ್ಲಿಷಿನ ಒಂದೇ ಸಿದ್ಧ ಉತ್ತರವನ್ನು ಅಂಟಿಸುತ್ತಿದ್ದುದನ್ನೂ ನಿಲ್ಲಿಸಿದೆ.

ನಕ್ಷತ್ರಗಳ ಸರಾಸರಿ ಇಳಿದಿದ್ದ ಆ ದಿನಗಳಲ್ಲಿ, ಐವತ್ತು ಒಳ್ಳೆಯ ರಿವ್ಯೂ ಬರೆಸಿಕೊಡುತ್ತೇವೆ ಎಂದು ಹಣ ಕೇಳಿಕೊಂಡು ಕರೆ ಬಂತು. ಮಾಲೀಕರಿಗೆ ಆಸೆಯಾಯಿತು, ನಾನು ಒಪ್ಪಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗೆಂದೇ ಐಎಸ್ 19000:2022 ಎಂಬ ಮಾನದಂಡ ತಂದಿತು. ಅದರ ಪಾಲನೆ ಸ್ವಯಂಪ್ರೇರಿತವಾದರೂ, ಹಣ ಕೊಟ್ಟು ಬರೆಸಿದ ವಿಮರ್ಶೆಗೆ ಅದರಲ್ಲಿ ಜಾಗವಿಲ್ಲ ಎಂದು ಪತ್ರಿಕೆಯಲ್ಲಿ ಓದಿ ಅವರಿಗೆ ತೋರಿಸಿದೆ.

ನಮ್ಮ ಹೆಸರನ್ನು ಉಳಿಸಿದ್ದು ಬೇರೆಯೇ ಒಂದು ಕೆಲಸ. 2018ರ ಆಗಸ್ಟ್‌ನ ಭೂಕುಸಿತದ ನಂತರ ಪ್ರತಿ ಮಳೆಗಾಲವೂ ಅಂದಿನ ವಿಡಿಯೋಗಳು ಇಂದಿನವೆಂಬಂತೆ ಮೊಬೈಲಿನಿಂದ ಮೊಬೈಲಿಗೆ ಹರಿದು ಬರುತ್ತವೆ, ಕೋಣೆ ಕಾದಿರಿಸಿದವರು ಗಾಬರಿಯಿಂದ ಕರೆ ಮಾಡುತ್ತಾರೆ. ಅದಕ್ಕಾಗಿ ನಾನು ಬೆಳಿಗ್ಗೆ ಏಳಕ್ಕೆ ಮತ್ತು ಸಂಜೆ ಐದಕ್ಕೆ ಸಂಪಾಜೆ ಘಾಟಿ ಮತ್ತು ಭಾಗಮಂಡಲದ ರಸ್ತೆಯ ಸ್ಥಿತಿಯನ್ನು ದಿನಾಂಕ, ಸಮಯ ಸಮೇತ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕುತ್ತೇನೆ. ಭಾಗಮಂಡಲದ ತ್ರಿವೇಣಿ ಸಂಗಮ ಉಕ್ಕಿ ರಸ್ತೆಗೆ ನೀರು ಬಂದ ದಿನ "ಇಂದು ಹೊರಡಬೇಡಿ" ಎಂದೇ ಬರೆಯುತ್ತೇನೆ. ಆ ದಿನದ ಬಾಡಿಗೆ ಹೋಗುತ್ತದೆ, ನಿಜ. ಆದರೆ ಹಾಗೆ ಬರಬೇಡಿ ಎನಿಸಿಕೊಂಡವರೇ ಅಕ್ಟೋಬರಿನ ತುಲಾ ಸಂಕ್ರಮಣಕ್ಕೆ ನಮ್ಮನ್ನು ಹುಡುಕಿಕೊಂಡು ಬಂದಿದ್ದಾರೆ.

ಆ ಎರಡು ನಕ್ಷತ್ರದ ರಿವ್ಯೂ ಇನ್ನೂ ಹಾಗೆಯೇ ಇದೆ. ಬರೆದವರು ಬದಲಿಸಲಿಲ್ಲ, ಬದಲಿಸಿ ಎಂದು ನಾನೂ ಕೇಳಲಿಲ್ಲ. ಕಳೆದ ಮಳೆಗಾಲದಲ್ಲಿ ಹಾಸನದಿಂದ ಕರೆ ಮಾಡಿದ ಹೆಂಗಸೊಬ್ಬರು, "ಬಿಸಿನೀರಿನ ವಿಷಯ ಓದಿದೆ, ಅಪ್ಪನನ್ನು ತಲಕಾವೇರಿಗೆ ಕರೆದುಕೊಂಡು ಹೋಗಬೇಕು, ನಾಲ್ಕಕ್ಕೆ ನೀರು ಸಿಗುತ್ತದೆಯೇ?" ಎಂದು ಕೇಳಿದರು. ಆ ದಿನ ಮೂರೂವರೆಗೆ ನಾನೇ ಎದ್ದು ಬಾಯ್ಲರಿಗೆ ಸೌದೆ ಒಡ್ಡಿದೆ.