ಆರು ಅಡಿಯ ಹಳೆಯ ಅಕ್ವೇರಿಯಂ: ಮೂರು ಬಾರಿ ಸೋರಿದ ಮೇಲೆ ಸಿಕ್ಕ ಕಾರಣ

ಒಂಬತ್ತು ದಿನಗಳಿಂದ ಟ್ಯಾಂಕಿನಲ್ಲಿ 55 ಸೆಂಟಿಮೀಟರ್ ಎತ್ತರದ ನೀರು ನಿಂತಿದೆ. ಹೊರಗಿನಿಂದ ಕೆಳ ಅಂಚಿನುದ್ದಕ್ಕೂ ಬ್ರಷ್‌ನಲ್ಲಿ ಹಚ್ಚಿಟ್ಟ ಸೀಮೆಸುಣ್ಣದ ಪುಡಿ ಎಲ್ಲಿಯೂ ಒದ್ದೆಯಾಗಿಲ್ಲ. ಎರಡೂವರೆ ತಿಂಗಳು ಇದೊಂದೇ ದೃಶ್ಯಕ್ಕಾಗಿ ಕಾದಿದ್ದೆ. ಆದ್ದರಿಂದ ಇಂದು ಮೀನು, ಗಿಡ, ಮರಳುಗಳ ವಿಚಾರವನ್ನು ಬದಿಗಿಟ್ಟು ಆ ಸೋರಿಕೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಟ್ಯಾಂಕ್ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಗಾಜು 12 ಮಿಲಿಮೀಟರ್. ಬರೀ ಗಾಜಿನ ತೂಕವೇ ಸುಮಾರು 120 ಕೆ.ಜಿ., 55 ಸೆಂಟಿಮೀಟರ್ ತುಂಬಿದರೆ ನೀರು ಸುಮಾರು 580 ಲೀಟರ್. ಹಳೆಯ ಮಾಲೀಕರು ಕಬ್ಬಿಣದ ಸ್ಟ್ಯಾಂಡ್ ಸಮೇತ ಕೊಟ್ಟಿದ್ದರು. ಗಾಜಿನ ಮೇಲಿನ ಬಿಳಿ ಕಲೆಯನ್ನು ವಿನೆಗರ್‌ನಿಂದ ತೆಗೆದದ್ದು, ಪಾಚಿ ಕೆರೆದದ್ದು, ನಾಲ್ಕು ಜನ ಸೇರಿ ಅದನ್ನು ಒಳಗೆ ತಂದದ್ದು, ಇವನ್ನೆಲ್ಲ ನೀವೂ ಮಾಡಿದವರೇ, ವಿವರಿಸುವುದಿಲ್ಲ.

ಮೊದಲ ಸಲ ತುಂಬಿಸಿದಾಗ ನೀರು 40 ಸೆಂಟಿಮೀಟರ್ ತಲುಪುವವರೆಗೆ ಎಲ್ಲವೂ ಒಣಗಿಯೇ ಇತ್ತು. ಆಮೇಲೆ ಎದುರಿನ ಎಡಮೂಲೆಯಲ್ಲಿ, ಕೆಳಗಿನ ಪ್ಲಾಸ್ಟಿಕ್ ಅಂಚುಪಟ್ಟಿಯ ಸಂದಿನಿಂದ, ನಿಮಿಷಕ್ಕೊಂದು ಹನಿಯಂತೆ ನೀರು ತೊಟ್ಟಿಕ್ಕತೊಡಗಿತು. ಆ ಮೂಲೆಯ ಹೊರಭಾಗಕ್ಕೆ ಸಿಲಿಕೋನ್, ಅಂದರೆ ಗಾಜುಗಳನ್ನು ಬೆಸೆಯುವ ರಬ್ಬರಿನಂಥ ಅಂಟು, ಬಳಿದೆ. ಒಳಗಿನಿಂದ ಬಳಿದ ಸಿಲಿಕೋನನ್ನು ನೀರಿನ ಒತ್ತಡ ಗಾಜಿಗೇ ಅಮುಕಿ ಹಿಡಿಯುತ್ತದೆ, ಹೊರಗಿನಿಂದ ಬಳಿದದ್ದನ್ನು ಅದೇ ಒತ್ತಡ ಹೊರಕ್ಕೆ ತಳ್ಳುತ್ತದೆ. ಇದು ಗೊತ್ತಿದ್ದೂ ಟ್ಯಾಂಕ್ ಬರಿದು ಮಾಡುವ ಶ್ರಮ ತಪ್ಪಲಿ ಎಂದು ಹಾಗೆ ಮಾಡಿದ್ದೆ. ಎರಡು ದಿನಗಳಲ್ಲಿ ತೇಪೆಯ ಅಡಿಯಿಂದಲೇ ನೀರು ಬಂತು.

ಎರಡನೆಯ ಪ್ರಯತ್ನದಲ್ಲಿ ನೀರೆಲ್ಲ ತೆಗೆದು, ಆ ಮೂಲೆಯ ಎರಡೂ ಬದಿಗೆ ಒಂದೊಂದು ಗೇಣಿನಷ್ಟು ಒಳಪಟ್ಟಿಯನ್ನು ಬ್ಲೇಡಿನಿಂದ ಕೆತ್ತಿ, ಅಸಿಟೋನ್‌ನಲ್ಲಿ ಒರೆಸಿ, ಹೊಸದಾಗಿ ಸಿಲಿಕೋನ್ ಎಳೆದೆ. ಒಳಪಟ್ಟಿ ಎಂದು ನಾನು ಹೇಳುತ್ತಿರುವುದು ಮೂಲೆಯ ಒಳಬದಿಯಲ್ಲಿ ಕಾಣುವ ಪಟ್ಟಿಯನ್ನು. ಎರಡು ಗಾಜುಗಳನ್ನು ನಿಜವಾಗಿ ಹಿಡಿದಿರುವುದು ಅವುಗಳ ನಡುವೆ ಇರುವ ತೆಳು ಪದರ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಇಲ್ಲಿ ಅಂಗಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಲ್ಕು ದಿನ ಕಳೆದರೂ ಸಿಲಿಕೋನ್ ಬೆರಳಿಗೆ ಅಂಟುತ್ತಲೇ ಇತ್ತು. ಟ್ಯೂಬನ್ನು ತಿರುಗಿಸಿ ನೋಡಿದರೆ, ಅವಧಿ ಮುಗಿಯುವ ದಿನಾಂಕದ ಮೇಲೆ ಬೆಲೆಯ ಚೀಟಿ ಅಂಟಿಸಿತ್ತು. ಚೀಟಿ ಕಿತ್ತಾಗ ಅವಧಿ ಮುಗಿದು ಒಂದು ವರ್ಷ ದಾಟಿತ್ತು. ಹಳತಾದ ಸಿಲಿಕೋನ್ ಎಷ್ಟು ದಿನ ಕಾದರೂ ಸರಿಯಾಗಿ ಗಟ್ಟಿಯಾಗುವುದಿಲ್ಲ, ಫ್ಯಾನ್ ಹಾಕಿದರೆ ಒಣಗುತ್ತದೆ ಎಂಬ ಅಂಗಡಿಯವರ ಸಲಹೆಯಿಂದಲೂ ಗಟ್ಟಿಯಾಗುವುದಿಲ್ಲ. ಬದಲಿಗೆ ಕೊಟ್ಟ ಟ್ಯೂಬ್ ಬಚ್ಚಲುಮನೆಯ ಕೆಲಸಕ್ಕೆಂದು ಬೂಷ್ಟುನಿರೋಧಕ ಬೆರೆಸಿದ್ದಾಗಿತ್ತು. ಬೂಷ್ಟನ್ನು ಕೊಲ್ಲಲು ಹಾಕಿದ ರಾಸಾಯನಿಕ ನೀರಿಗೆ ಇಳಿದರೆ ಮೀನುಗಳಿಗೂ ಅಪಾಯ. ಅದನ್ನು ಮರಳಿಸಿ, ಬೇರೆ ಕಡೆ ತಾಜಾ ಟ್ಯೂಬ್ ತಂದೆ. ದಯವಿಟ್ಟು ಹಣ ಕೊಡುವ ಮೊದಲು ಚೀಟಿಯ ಅಡಿಯನ್ನು ನೋಡಿ.

ತಾಜಾ ಸಿಲಿಕೋನಿನಿಂದಲೂ ಆ ಮೂಲೆ ನಿಲ್ಲಲಿಲ್ಲ. ಗಟ್ಟಿಯಾದ ಹಳೆಯ ಸಿಲಿಕೋನಿಗೆ ಹೊಸದು ಭದ್ರವಾಗಿ ಕಚ್ಚುವುದಿಲ್ಲ, ಹಾಗಾಗಿ ಹಳೆಯದೂ ಹೊಸದೂ ಕೂಡುವ ಗೆರೆಯಲ್ಲೇ ದಾರಿ ಇರಬೇಕೆಂದು ಅಂದಾಜಿಸಿ, ಮೂರನೆಯ ಸಲ ಇಡೀ ಟ್ಯಾಂಕಿನ ಒಳಪಟ್ಟಿಯನ್ನು ಕೆತ್ತಿ ತೆಗೆದು ಹೊಸದಾಗಿ ಹಾಕಿದೆ. ಮೂರು ಸಂಜೆಗಳ ಕೆಲಸ, ಆಮೇಲೆ ಪೂರ್ತಿ ಏಳು ದಿನ ಕಾಯುವುದು. ತುಂಬಿಸಿದಾಗ ಮತ್ತೆ 40 ಸೆಂಟಿಮೀಟರ್, ಮತ್ತೆ ಅದೇ ಎಡಮೂಲೆ, ಮತ್ತೆ ಅದೇ ಹನಿ. ಆ ರಾತ್ರಿ ಗಾಜನ್ನು ಮುಟ್ಟುವ ಮನಸ್ಸೂ ಆಗಲಿಲ್ಲ.

ಮರುದಿನ ನೀರು ಇಳಿಸುವಾಗ ಮೊದಲ ಸುಳಿವು ಸಿಕ್ಕಿತು. ತೂತು 40 ಸೆಂಟಿಮೀಟರ್ ಎತ್ತರದಲ್ಲಿ ಇದ್ದಿದ್ದರೆ ನೀರು ಅದಕ್ಕಿಂತ ಕೆಳಗಿಳಿದ ಕೂಡಲೇ ಹನಿ ನಿಲ್ಲಬೇಕಿತ್ತು. ಅದು 30ರಲ್ಲೂ ತೊಟ್ಟಿಕ್ಕುತ್ತಿತ್ತು, ನಿಂತದ್ದು 20ರ ಹತ್ತಿರ. ಹಾಗಿದ್ದರೆ ತಳದಲ್ಲಿ ಎಲ್ಲೋ ಇರುವ ಸಂದು, ಭಾರ ಹೆಚ್ಚಿದಾಗ ತೆರೆದುಕೊಂಡು ಭಾರ ಇಳಿದಾಗ ಮುಚ್ಚಿಕೊಳ್ಳುತ್ತಿದೆ ಎಂದಾಯಿತು. ಉದ್ದನೆಯ ಗಾಜಿನ ಮೇಲೆ ನೀರು ಹೊರಕ್ಕೆ ತಳ್ಳುವ ಬಲ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ: 40 ಸೆಂಟಿಮೀಟರಿಗೆ ಸುಮಾರು 145 ಕೆ.ಜಿ. ತೂಕದಷ್ಟು, 55ಕ್ಕೆ ಸುಮಾರು 275. ಆದರೆ 12 ಮಿಲಿಮೀಟರ್ ಗಾಜಿಗೂ ಒಳ್ಳೆಯ ಅಂಟಿಗೂ ಇದು ಹೆಚ್ಚಲ್ಲ, ಇದೇ ಟ್ಯಾಂಕ್ ಹಳೆಯ ಮನೆಯಲ್ಲಿ ವರ್ಷಗಟ್ಟಲೆ ನಿಂತಿತ್ತು. ಹಾಗಾದರೆ ಗಾಜನ್ನು ಬೇರೇನೋ ತಿರುಚುತ್ತಿರಬೇಕು.

ಸ್ಟ್ಯಾಂಡಿನ ಮೇಲೆ ರಸಮಟ್ಟ ಇಟ್ಟು ನೋಡಿದ್ದೆ, ಗುಳ್ಳೆ ನಡುವಿನಲ್ಲೇ ನಿಂತಿತ್ತು. ಆದರೆ ನೋಡಿದ್ದು ಟ್ಯಾಂಕ್ ಖಾಲಿ ಇದ್ದಾಗ. ಈ ಬಾರಿ ಸ್ಟ್ಯಾಂಡಿನ ಮೇಲುಚೌಕಟ್ಟಿನ ನಾಲ್ಕು ಮೂಲೆಗಳಿಗೂ ಒಂದೇ ಅಳತೆಯ ತುಂಡುಗಳನ್ನು ಹೊರಕ್ಕೆ ಚಾಚುವಂತೆ ಬಿಗಿದು, ಚೌಕಟ್ಟಿನ ಕೆಳಗಿನಿಂದ ಮೂಲೆಯಿಂದ ಮೂಲೆಗೆ ಎರಡು ದಾರಗಳನ್ನು ಬಿಗಿಯಾಗಿ ಎಳೆದೆ. ಖಾಲಿ ಟ್ಯಾಂಕಿನಡಿ ಎರಡೂ ದಾರಗಳು ನಡುವಿನಲ್ಲಿ ಒಂದನ್ನೊಂದು ಮುಟ್ಟುತ್ತಿದ್ದವು. ನೀರು 40 ಮುಟ್ಟುವ ಹೊತ್ತಿಗೆ ಅವುಗಳ ನಡುವೆ 2 ಮಿಲಿಮೀಟರ್ ಅಂತರ ಬಂದಿತ್ತು. ನಡುವಿನಲ್ಲಿ 2 ಎಂದರೆ, ಉಳಿದ ಮೂರು ಮೂಲೆಗಳಿಗೆ ಹೋಲಿಸಿದರೆ ಒಂದು ಮೂಲೆ 4 ಮಿಲಿಮೀಟರ್ ತಗ್ಗಿದೆ ಎಂದರ್ಥ. ತಗ್ಗಿದ್ದು ಎದುರಿನ ಎಡಮೂಲೆಯೇ. ಆ ಕಾಲಿನ ಬಣ್ಣ ಕೆರೆದು ನೋಡಿದರೆ ವೆಲ್ಡಿಂಗ್ ಅರ್ಧದಷ್ಟು ಬಿಟ್ಟಿತ್ತು. ಸಾಗಿಸುವಾಗ ತಗುಲಿದ ಪೆಟ್ಟಿರಬಹುದು.

ಆದರೂ ಎಡಮೂಲೆಯ ಸಿಲಿಕೋನ್ ಎಲ್ಲಿಯೂ ಹರಿದಿರಲಿಲ್ಲ. ಕೊನೆಗೆ ಕೆಳಗಿನ ಅಂಚುಪಟ್ಟಿಯನ್ನೇ ಕಿತ್ತು, ಅದು ಕೇವಲ ಅಲಂಕಾರದ್ದು, ಗಾಜಿನ ಅಂಚಿಗೆಲ್ಲ ಸೀಮೆಸುಣ್ಣದ ಪುಡಿ ಹಚ್ಚಿ ನೀರು ತುಂಬಿಸಿ ಟಾರ್ಚ್ ಹಿಡಿದು ಕುಳಿತೆ. ಹಿಂದಿನ ಗಾಜು ತಳವನ್ನು ಸೇರುವಲ್ಲಿ, ಹಿಂಬದಿಯ ಎಡಮೂಲೆಯಿಂದ ಸುಮಾರು ಒಂದು ಅಡಿ ಈಚೆಗೆ, ಪುಡಿಯ ಮೇಲೆ ಉಗುರಿನಷ್ಟು ಒದ್ದೆಯ ಗುರುತು ಮೂಡಿತು. ಆ ನೀರು ಇಷ್ಟು ದಿನ ಅಂಚುಪಟ್ಟಿಯ ಒಳಗೆ ಯಾರಿಗೂ ಕಾಣದಂತೆ ಹರಿದು, ಅತ್ಯಂತ ತಗ್ಗಾದ ಜಾಗಕ್ಕೆ ಬಂದು ತೊಟ್ಟಿಕ್ಕುತ್ತಿತ್ತು. ಆ ಹನಿ ಬಿರುಕನ್ನು ತೋರಿಸುತ್ತಿರಲಿಲ್ಲ, ತಗ್ಗನ್ನು ತೋರಿಸುತ್ತಿತ್ತು. ಮೊದಲ ದಿನವೇ ಅದು ಸ್ಟ್ಯಾಂಡಿನ ಮುರಿದ ಕಾಲಿನತ್ತ ಬೆರಳು ಮಾಡಿತ್ತು, ನಾನು ಗಾಜನ್ನು ನೋಡುತ್ತಿದ್ದೆ.

ಸ್ಟ್ಯಾಂಡಿನ ನಾಲ್ಕೂ ಕಾಲುಗಳಿಗೆ ಮೂಲೆಪಟ್ಟಿ ಕೊಡಿಸಿ ವೆಲ್ಡ್ ಮಾಡಿಸಿದೆ. ಅದರ ಮೇಲೆ 18 ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್ ಹಾಳೆ. ಆದರೆ ನಡುಪದರವೇ ಹರಿದಿದ್ದರಿಂದ ಒಳಪಟ್ಟಿಯಿಂದ ಮುಚ್ಚುವ ಆಸೆಯನ್ನು ಬಿಟ್ಟು, ಹಿಂದಿನ ಗಾಜನ್ನೇ ಬೇರ್ಪಡಿಸಲು ನಿರ್ಧರಿಸಿದೆ. ಒಳಪಟ್ಟಿ ಕತ್ತರಿಸಿದ ಮೇಲೆ ತೆಳು ಉಕ್ಕಿನ ತಂತಿಯನ್ನು ನಡುಪದರಕ್ಕೆ ತೂರಿಸಿ, ಇಬ್ಬರು ಎರಡು ಕಡೆಯಿಂದ ಗರಗಸದಂತೆ ಎಳೆದೆವು. ಗಾಜು ಬಿಟ್ಟು ಬರುವ ಕ್ಷಣದಲ್ಲಿ ಹಿಡಿಯಲು ಇನ್ನಿಬ್ಬರು ಇರಲೇಬೇಕು. ಕೈಗವಸು ಇಲ್ಲದೆ ಯಾರೂ ಇದಕ್ಕೆ ಇಳಿಯಬಾರದು. ಅಂಚುಗಳನ್ನು ಬ್ಲೇಡಿನಿಂದ ಕೆರೆದು, ಅಸಿಟೋನ್‌ನಲ್ಲಿ ಎರಡು ಬಾರಿ ಒರೆಸಿ, ಒಂದೇ ಉಸಿರಿಗೆ ಸಿಲಿಕೋನ್ ಎಳೆದು ಗಾಜನ್ನು ಕೂರಿಸಿ ಟೇಪಿನಿಂದ ಬಿಗಿದೆವು. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ಅದೂ ಅಂಚಿನಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟು. ನಡುಪದರದ ಮಧ್ಯಭಾಗಕ್ಕೆ ತೇವ ತಲುಪುವುದು ನಿಧಾನ, ಆದ್ದರಿಂದ ಎರಡು ವಾರ ಮುಟ್ಟಲಿಲ್ಲ.

ಆ ಎರಡು ವಾರಗಳಲ್ಲಿ ಮುಂದಿನ ಯೋಜನೆ ಕಾಗದದ ಮೇಲೆ ಬೆಳೆಯಿತು. ಮನೆಯಲ್ಲಿರುವ ಹಳೆಯ 3 ಅಡಿಯ ಟ್ಯಾಂಕನ್ನು ಸಂಪ್ ಮಾಡಬೇಕೆಂದಿದ್ದೇನೆ, ಅಂದರೆ ಮೇಲಿನ ಟ್ಯಾಂಕಿನ ನೀರು ಇಳಿದು ಬಂದು, ಸೋಸಿ, ಪಂಪಿನಿಂದ ಮತ್ತೆ ಮೇಲೇರುವ ಕೆಳಗಿನ ತೊಟ್ಟಿ. ಕರೆಂಟ್ ಹೋದಾಗ ಮೇಲಿನ ಟ್ಯಾಂಕಿನಿಂದ ಎಷ್ಟು ನೀರು ಕೆಳಗೆ ಬರುತ್ತದೆ ಎಂಬುದೇ ಅದರ ಮುಖ್ಯ ಲೆಕ್ಕ: ನನ್ನ ಅಳತೆಯಲ್ಲಿ ನೀರು 3 ಸೆಂಟಿಮೀಟರ್ ಇಳಿದರೂ ಸುಮಾರು 32 ಲೀಟರ್. ಅಷ್ಟನ್ನು ಹಿಡಿಯುವ ಖಾಲಿ ಜಾಗ ಸಂಪಿನಲ್ಲಿ ಸದಾ ಇರಬೇಕು, ಪಂಪಿನ ಪೈಪಿಗೆ ಮೇಲಿನ ಟ್ಯಾಂಕಿನ ನೀರಿನ ಮಟ್ಟದ ಸ್ವಲ್ಪ ಕೆಳಗೆ ಸೈಫನ್ ಮುರಿಯುವ ತೂತನ್ನೂ, ಅಂದರೆ ಪಂಪ್ ನಿಂತಾಗ ಗಾಳಿ ಒಳಗೆ ಬಿಟ್ಟು ನೀರು ಹಿಂದಕ್ಕೆ ಹರಿಯುವುದನ್ನು ತಡೆಯುವ ತೂತನ್ನೂ, ಕೊರೆಯಬೇಕು. ಸಂಪನ್ನು ಕೋಣೆಗಳಾಗಿ ವಿಂಗಡಿಸುವ ಅಡ್ಡಗಾಜುಗಳ ಚಿತ್ರವನ್ನು ಆರು ಸಲ ಬದಲಿಸಿದ್ದೇನೆ, ಇನ್ನೂ ಒಪ್ಪಿಗೆಯಾಗಿಲ್ಲ.

ಆಮೇಲೆ 20, 40, 55 ಎಂದು ಹಂತ ಹಂತವಾಗಿ, ಒಂದೊಂದರಲ್ಲೂ ಇಡೀ ದಿನ ನಿಲ್ಲಿಸಿ ತುಂಬಿಸಿದೆ. 40 ದಾಟಿಸಿದ ಸಂಜೆ ಅಲ್ಲಿಂದ ಏಳಲಿಲ್ಲ. ದಾರಗಳು ಈಗಲೂ ನಡುವಿನಲ್ಲಿ ಮುಟ್ಟುತ್ತಿವೆ. ಅವನ್ನು ಬಿಚ್ಚದೆ ಹಾಗೆಯೇ ಬಿಟ್ಟಿದ್ದೇನೆ.

ನಾಳೆ ಈ ನೀರನ್ನು ಪೂರ್ತಿ ಚೆಲ್ಲುತ್ತೇನೆ, ಸಿಲಿಕೋನ್ ಬಿಟ್ಟ ಆಮ್ಲದ ವಾಸನೆ ಅದರಲ್ಲಿ ಇನ್ನೂ ಸ್ವಲ್ಪ ಇದೆ. ಎರಡನೆಯ ಸಲ ತುಂಬಿಸಿದಾಗ, ಚಿಕ್ಕ ಟ್ಯಾಂಕಿನ ಫಿಲ್ಟರಿನಲ್ಲಿ ಎರಡು ತಿಂಗಳಿನಿಂದ ಪಳಗುತ್ತಿರುವ, ಅಂದರೆ ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯುತ್ತಿರುವ, ಸ್ಪಾಂಜನ್ನು ಇದಕ್ಕೆ ವರ್ಗಾಯಿಸಿ, ಮೀನಿಗೆ ವಿಷವಾದ ಅಮೋನಿಯಾ ಮತ್ತು ನೈಟ್ರೈಟ್ ಅಳೆಯಲು ಆರಂಭಿಸುತ್ತೇನೆ.