ಒಂದೇ ಚಿತ್ರದಿಂದ ದೂರವನ್ನು ಅಂದಾಜಿಸುವ ಜಾಲ ಕಲಿತದ್ದೇನು?

ಹತ್ತಿರದ ಸಣ್ಣ ವಸ್ತುವೂ ದೂರದ ದೊಡ್ಡ ವಸ್ತುವೂ ಚಿತ್ರದಲ್ಲಿ ಒಂದೇ ಗಾತ್ರದಲ್ಲಿ ಮೂಡಬಲ್ಲವಾದ್ದರಿಂದ, ಒಂದೇ ಚಿತ್ರವನ್ನು ಇಟ್ಟುಕೊಂಡು ಬರಿಯ ಜ್ಯಾಮಿತಿಯಿಂದ ದೂರವನ್ನು ಲೆಕ್ಕ ಹಾಕಲು ಬರುವುದಿಲ್ಲ. ಆದರೂ ಸಾಕಷ್ಟು ಉದಾಹರಣೆಗಳನ್ನು ಕಂಡ ನ್ಯೂರಲ್ ಜಾಲವು (ಉದಾಹರಣೆಗಳಿಂದ ಕಲಿಯುವ ಗಣಕ ಮಾದರಿ) ಪ್ರತಿ ಪಿಕ್ಸೆಲ್‌ನ ದೂರವನ್ನೂ ಅಂದಾಜಿಸಬಲ್ಲದೆಂದು ಐಗನ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಆ ಉದಾಹರಣೆಗಳಿಗೆ ನಿಜವಾದ ದೂರವನ್ನು ಅಳೆದುಕೊಡುವುದೇ ಕಷ್ಟದ ಕೆಲಸ. ಜರ್ಮನಿಯ ಕಾರ್ಲ್ಸ್‌ರೂಹೆ ಸುತ್ತಮುತ್ತ ಸಂಗ್ರಹಿಸಿದ ಕಿಟ್ಟಿ (KITTI) ಎಂಬ ರಸ್ತೆಚಿತ್ರಗಳ ದತ್ತಾಂಶದಲ್ಲಿ ಕಾರಿನ ಮೇಲಿನ ಲೈಡಾರ್, ಅಂದರೆ ಲೇಸರ್ ಕಿರಣದಿಂದ ದೂರ ಅಳೆಯುವ ಉಪಕರಣ, ಅದನ್ನು ಮಾಡುತ್ತದೆ. ಆದರೆ ಅದರ ಅಳತೆಗಳು ಚಿತ್ರದ ಕೆಲವೇ ಪಿಕ್ಸೆಲ್‌ಗಳಿಗೆ ದೊರೆಯುತ್ತವೆ.

ಗರ್ಗ್ ಮತ್ತು ಸಂಗಡಿಗರು 2016ರಲ್ಲಿ, ಗೊಡಾರ್ ಮತ್ತು ಸಂಗಡಿಗರು 2017ರಲ್ಲಿ ಹಿಡಿದ ದಾರಿ ನನಗೆ ಇಂದಿಗೂ ಈ ಕ್ಷೇತ್ರದ ಅತ್ಯಂತ ಸುಂದರ ವಿಚಾರವಾಗಿ ಕಾಣುತ್ತದೆ. ತರಬೇತಿಗೆ ಅಕ್ಕಪಕ್ಕದ ಎರಡು ಕ್ಯಾಮೆರಾಗಳು ಒಟ್ಟಿಗೆ ತೆಗೆದ ಚಿತ್ರಜೋಡಿಗಳನ್ನು ಬಳಸುತ್ತಾರೆ. ಎಡ ಕ್ಯಾಮೆರಾದ ಚಿತ್ರವನ್ನಷ್ಟೇ ನೋಡಿ ಜಾಲವು ಪ್ರತಿ ಪಿಕ್ಸೆಲ್‌ನ ಪಲ್ಲಟವನ್ನು, ಅಂದರೆ ಅದು ಎರಡು ಚಿತ್ರಗಳ ನಡುವೆ ಎಷ್ಟು ಪಕ್ಕಕ್ಕೆ ಸರಿದಿದೆ ಎಂಬುದನ್ನು, ಊಹಿಸುತ್ತದೆ. ಆ ಪಲ್ಲಟವನ್ನು ಬಳಸಿ ಬಲ ಕ್ಯಾಮೆರಾದ ಚಿತ್ರದಿಂದ ಎಡ ಚಿತ್ರವನ್ನು ಮತ್ತೆ ಕಟ್ಟಿದಾಗ ಉಳಿಯುವ ವ್ಯತ್ಯಾಸವೇ ಕಲಿಕೆಯ ದೋಷಮಾಪನವಾಗುತ್ತದೆ. ದೂರವನ್ನು ಯಾರೂ ಅಳೆಯಬೇಕಾಗಿಲ್ಲ. ಪಲ್ಲಟ ತಿಳಿದರೆ ದೂರ ತಾನಾಗಿ ದೊರೆಯುತ್ತದೆ, ಆದರೆ ಎಲ್ಲೆಡೆ ಒಂದೇ ನಿಖರತೆಯಿಂದಲ್ಲ: ಕಿಟ್ಟಿಯ ಕ್ಯಾಮೆರಾಗಳ ನಡುವಿನ ಅಂತರ ಸುಮಾರು 54 ಸೆಂಟಿಮೀಟರ್, ಮಸೂರದ ನಾಭಿದೂರ ಸುಮಾರು 720 ಪಿಕ್ಸೆಲ್, ಹೀಗಾಗಿ ಒಂದು ಪಿಕ್ಸೆಲ್‌ನ ತಪ್ಪು 10 ಮೀಟರ್ ದೂರದಲ್ಲಿ ಕಾಲು ಮೀಟರಿನಷ್ಟಾದರೆ, 50 ಮೀಟರ್ ದೂರದಲ್ಲಿ ಆರು ಮೀಟರನ್ನೂ ಮೀರುತ್ತದೆ.

ಇಂತಹ ಜಾಲ ಚಿತ್ರದಲ್ಲಿ ನೋಡುವುದಾದರೂ ಏನನ್ನು? ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ವಾನ್ ಡೈಕ್ ಮತ್ತು ಡಿ ಕ್ರೂನ್ 2019ರಲ್ಲಿ ಇದನ್ನು ಪರೀಕ್ಷಿಸಿದರು. ಚಿತ್ರದಲ್ಲಿ ಕಾರಿನ ಗಾತ್ರವನ್ನು ಬದಲಿಸಿದಾಗ ಜಾಲಗಳ ಅಂದಾಜು ಹೆಚ್ಚು ಬದಲಾಗಲಿಲ್ಲ; ಕಾರು ನೆಲವನ್ನು ಮುಟ್ಟುವ ಜಾಗ ಚಿತ್ರದಲ್ಲಿ ಎಷ್ಟು ಎತ್ತರದಲ್ಲಿದೆ ಎಂಬುದನ್ನೇ ಅವು ನೆಚ್ಚಿಕೊಂಡಿದ್ದವು. ತರಬೇತಿಯಲ್ಲಿ ಕಾಣದ ವಸ್ತುವನ್ನು ರಸ್ತೆಯ ಮೇಲಿಟ್ಟಾಗ ಗುರುತಿಸಲು ತಡವರಿಸಿದ ಜಾಲ, ಅದರ ಕೆಳಗೆ ನೆರಳನ್ನು ಸೇರಿಸಿದೊಡನೆ ಸುಧಾರಿಸಿತು. ಕ್ಯಾಮೆರಾದ ಓರೆಯನ್ನು ಜಾಲ ಭಾಗಶಃ ಮಾತ್ರ ಗ್ರಹಿಸುತ್ತಿತ್ತು.

ರಸ್ತೆಗುಬ್ಬು ಹತ್ತುವ ಕಾರಿನ ಮೂತಿ ಮೇಲೆದ್ದಾಗ ಎದುರಿನ ವಾಹನ ಚಿತ್ರದಲ್ಲಿ ಕೆಳಗಿಳಿಯುತ್ತದೆ, ಅಂದರೆ ಇಂತಹ ಜಾಲಕ್ಕೆ ಅದು ಇರುವುದಕ್ಕಿಂತ ಹತ್ತಿರವಾಗಿ ತೋರುವ ಸಂಭವವಿದೆ. ನಮ್ಮ ರಸ್ತೆಗಳಲ್ಲಿ ಇದನ್ನು ಬಳಸುವವರು ಸರಾಸರಿ ದೋಷವನ್ನಷ್ಟೇ ನೋಡದೆ, ಕ್ಯಾಮೆರಾವನ್ನು ಬೇಕೆಂದೇ ಓರೆಮಾಡಿ ತೆಗೆದ ಚಿತ್ರಗಳ ಮೇಲೆ ಪ್ರತ್ಯೇಕವಾಗಿ ಪರೀಕ್ಷಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಹಲವು ಬಗೆಯ ದತ್ತಾಂಶಗಳನ್ನು ಬೆರೆಸಿ ಕಲಿಸಿದ ಮಿಡಾಸ್‌ನಂತಹ ಮಾದರಿಗಳು ಒಂದೇ ಕಾರಿನ ದೃಷ್ಟಿಕೋನಕ್ಕೆ ಅಂಟಿಕೊಂಡಿಲ್ಲ. ಆದರೆ ಅವು ನೀಡುವುದು ಯಾವುದು ಮುಂದೆ, ಯಾವುದು ಹಿಂದೆ ಎಂಬ ಸಾಪೇಕ್ಷ ಆಳವನ್ನು ಮಾತ್ರ, ಮೀಟರುಗಳನ್ನಲ್ಲ.